ಕಂಪ್ಯೂಟರಿಗೆ ಬೀಗ ಹಾಕಿದ ಮೇಲೆ

2-2-2006, ಗುರುವಾರ. ಸಂಜೆ 6.40

ಮತ್ತೆ ಹನ್ನೊಂದು ನಿಮಿಷ. ಸ್ವಿಚ್ ಒತ್ತಿ ಹೋಗಿ ಸೀರೆ ಬದಲಾಯಿಸಿ, ಕಾಫಿ ಕಾಸಿ, ಮಾವನಿಗೊಂದು ಲೋಟ ಕೊಟ್ಟು ಬಂದರೂ ಕಂಪ್ಯೂಟರ್ ಇನ್ನೂ ಏಳ್ತಾನೇ ಇತ್ತು. ನನ್ನ ಹಾಗೇ. ಬೆಳಿಗ್ಗೆ ಗುಬ್ಬಿ ಸ್ಕೂಲಿಗೆ ಟ್ರೈನಲ್ಲಿ ನಿಂತು ಹೋಗಿದ್ದು, ಸಂಜೆ ನಿಂತೇ ಬಂದಿದ್ದು. ಒಂಬತ್ತನೇ ಕ್ಲಾಸಿನ ರೇಖಾಗಣಿತದ ಪ್ರಶ್ನೆಪತ್ರಿಕೆ ನಾಳೆ ಹೆಡ್‌ಮಾಸ್ಟರ ಕೈಗೆ ಕೊಡಬೇಕು. ಎರಡು ಪ್ರಶ್ನೆ ಟೈಪ್ ಮಾಡೋಷ್ಟರಲ್ಲಿ ಪರದೆ ಮೇಲೆ ಇನ್ನೊಂದು ಕಿಟಕಿ ಎದ್ದು ಬಂತು. ನೀವು ಕಾರು ಗೆದ್ದಿದೀರಿ ಅಂತ. ಮುಚ್ಚಿದೆ. ಎರಡು ಬಂತು. ಅವನ್ನೂ ಮುಚ್ಚಿದ್ರೆ ನಾಲ್ಕು. ಅದರಲ್ಲೊಂದು… ಬರೆಯೋಕೂ ಬೇಡ. ಮಗಳು ಕಾವ್ಯ ಪಕ್ಕದಲ್ಲೇ ಓದ್ತಾ ಕೂತಿದ್ಲು, ಬೇಗ ಮುಚ್ಚಿಬಿಟ್ಟೆ.

ಪ್ರಮೇಯ ಎರಡರ ಚಿತ್ರ ಬರೆಯೋಕೆ ಆಗ್ಲೇ ಇಲ್ಲ. ಕೊನೆಗೆ ಕೈಯಲ್ಲೇ ಬರೆದೆ. ಇದಕ್ಕಾ ಕಂಪ್ಯೂಟರ್ ತಂದಿದ್ದು?

4-2-2006, ಶನಿವಾರ. ಮಧ್ಯಾಹ್ನ 3.00

ಅರ್ಧ ದಿನ ಸ್ಕೂಲು. ಹನ್ನೊಂದೂವರೆಗೇ ಟ್ರೈನ್ ಸಿಕ್ತು. ಮನೆಗೆ ಬಂದಾಗ ಮಾವ ಕಂಪ್ಯೂಟರ್ ಮುಂದೆ ಕೂತಿದ್ರು. ಕನ್ನಡಕ ಮೂಗಿನ ತುದೀಲಿ, ಕೈ ಮೌಸ್ ಮೇಲೆ. ನನ್ನ ಚಪ್ಪಲಿ ಸದ್ದು ಕೇಳಿದ್ದೇ ತಡ, ಬಗ್ಗಿ ಗೋಡೆ ಸ್ವಿಚ್ಚನ್ನೇ ಆರಿಸಿಬಿಟ್ರು. ಕಿವಿಯೆಲ್ಲ ಕೆಂಪಗಾಗಿತ್ತು. ಬೇಗ ಬಂದ್ಯಲ್ಲಮ್ಮ ಅಂದ್ರು. ಎದ್ದು ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡ್ಕೊಂಡ್ರು.

ಆಗ ಏನೂ ಅನಿಸಿರಲಿಲ್ಲ. ಮೂವತ್ನಾಲ್ಕು ವರ್ಷ ಮೇಷ್ಟ್ರಾಗಿದ್ದವರು, ನಾಲ್ಕು ತಿಂಗಳ ಕೆಳಗೆ ಕಾವ್ಯನ ಕೈಲಿ ಮೌಸ್ ಹಿಡಿಯೋದು ಕಲಿತಿದ್ರು. ಅರವತ್ತೊಂಬತ್ತರಲ್ಲಿ ಕಲಿಯೋ ಆಸೆ ಇದೆಯಲ್ಲ ಅಂತ ನಾನೇ ಸ್ಟಾಫ್ ರೂಮಲ್ಲಿ ಹೇಳ್ಕೊಂಡು ಓಡಾಡಿದ್ದೆ.

ಊಟ ಆದ್ಮೇಲೆ ಸ್ವಿಚ್ ಹಾಕಿದೆ. ಎದ್ದಿತು. ಎದ್ದ ತಕ್ಷಣ ಪರದೆ ತುಂಬ ಅದು. ಒಂದಲ್ಲ, ಆರೋ ಏಳೋ ಚಿತ್ರ, ಎಲ್ಲದರಲ್ಲೂ ಮೈಮೇಲೆ ಬಟ್ಟೆ ಇಲ್ಲದ ಒಬ್ಬಳೇ ಹೆಂಗಸು. ಪ್ಲಗ್ಗನ್ನೇ ಕಿತ್ತೆ.

ಮಾವ ನೋಡೋದು ಇದನ್ನಾ? ಮೂರು ಹೊತ್ತೂ ಲಿಂಗಪೂಜೆ ಮಾಡೋ ಮನುಷ್ಯ. ಅದೂ ಕಾವ್ಯ ಕೂರೋ ಕುರ್ಚಿ ಮೇಲೆ ಕೂತು.

5-2-2006, ಭಾನುವಾರ

ನಿನ್ನೆ ಸಾಯಂಕಾಲ ಇವರು ಹಿರಿಯೂರಿಂದ ಬಂದ್ರು. ವಾರಕ್ಕೊಂದು ಸಲ ಬ್ಯಾಂಕ್ ಬಿಟ್ಟು ಬರೋ ಮನುಷ್ಯನಿಗೆ ಬಂದ ಕೂಡ್ಲೇ ಇದನ್ನ ಹೇಗೆ ಹೇಳೋದು. ಇವತ್ತು ತಾರಸಿ ಮೇಲೆ ಬಟ್ಟೆ ಒಣಗಿಸ್ತಾ ಹೇಳಿದೆ. ಮುಖ ನೋಡದೆ ಹೇಳಿದೆ.

ಅಲ್ಲ ಬಿಡು, ಅಪ್ಪ ಹಾಗಲ್ಲ ಅಂತಾರೆ ಅಂದ್ಕೊಂಡಿದ್ದೆ. ಅನ್ನಲಿ ಅಂತ ಕಾಯ್ತಿದ್ದೆ ಕೂಡ. ಇವರು ನೀರಿನ ಟ್ಯಾಂಕಿಗೆ ಒರಗಿ ನಿಂತ್ರು. ಆಮೇಲೆ ಹೇಳಿದ್ದು ಒಂದೇ ಮಾತು.

“ಅಮ್ಮ ಹೋಗಿ ಆರು ವರ್ಷ ಆಯ್ತಲ್ಲ.”

ಅಷ್ಟೆ. ಅದೇ ಉತ್ತರ ಅನ್ನೋ ಹಾಗೆ.

ಕೆಳಗೆ ಬಂದು ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದ್ರು. ಮಾವನ ರೂಮಿನ ಬಾಗಿಲಲ್ಲಿ ನಿಂತು, ಕಾವ್ಯಂಗೆ ಪರೀಕ್ಷೆ ಹತ್ರ ಬಂತು, ಇನ್ಮೇಲೆ ಅದನ್ನ ಯಾರೂ ಮುಟ್ಟೋದು ಬೇಡ, ಲಾಕ್ ಮಾಡಿದೀನಿ ಅಂದ್ರು. ಮಾವ ಪೇಪರ್ ಕೆಳಗಿಳಿಸಿ ಇವರನ್ನ ನೋಡಿದ್ರು. ಆಮೇಲೆ ಅಡುಗೆಮನೆ ಬಾಗಿಲಲ್ಲಿದ್ದ ನನ್ನ ನೋಡಿದ್ರು. ಆಯ್ತಪ್ಪ ಅಂದು ಪೇಪರ್ ಮತ್ತೆ ಎತ್ಕೊಂಡ್ರು. ಪುಟ ಮಾತ್ರ ತಿರುಗಿಸಲಿಲ್ಲ.

7-2-2006, ಮಂಗಳವಾರ

ಮಾವ ನಮ್ಮ ಜೊತೆ ಊಟಕ್ಕೆ ಕೂರ್ತಿಲ್ಲ. ತಟ್ಟೆ ರೂಮಿಗೇ ಕಳಿಸು ಅಂತ ಕಾವ್ಯನ ಹತ್ರ ಹೇಳಿ ಕಳಿಸ್ತಾರೆ. ನೀರು ಬೇಕಾದ್ರೂ ಅವಳನ್ನೇ ಕೂಗ್ತಾರೆ. ಅವರು ನಡುಮನೆ ದಾಟೋವಾಗ ನಾನು ಸೆರಗು ಸರಿ ಮಾಡ್ಕೊಂಡೆ. ಹದಿನಾರು ವರ್ಷದಲ್ಲಿ ಮೊದಲ್ನೇ ಸಲ. ಬೇಕು ಅಂತ ಮಾಡಿದ್ದಲ್ಲ. ಅವರು ನೋಡಿದ್ರು ಅಂತ ಕಾಣುತ್ತೆ. ದಾರಿ ಬಿಟ್ಟು ಗೋಡೆ ಪಕ್ಕಕ್ಕೆ ಸರಿದು ಹೋದ್ರು.

8-2-2006, ಬುಧವಾರ

ಗುಬ್ಬಿಯಿಂದ ಬಂದೆ. ಬೀಗದ ಕೈ ಎದುರು ಮನೇಲಿ. ಮಾವ ಬೆಳಿಗ್ಗೆ ಹತ್ತು ಗಂಟೆಗೇ ಕುಣಿಗಲ್ಲಿಗೆ ಹೋದ್ರಂತೆ, ಮಗಳ ಮನೆಗೆ. ಟಿವಿ ಮೇಲೆ ಚೀಟಿ: “ಸ್ವಲ್ಪ ದಿನ ಸಿದ್ಧಗಂಗಮ್ಮನ ಮನೆಯಲ್ಲಿರುತ್ತೇನೆ. ಕಾವ್ಯ ಚೆನ್ನಾಗಿ ಓದಲಿ.” ದುಂಡಗಿನ ಮೇಷ್ಟ್ರ ಅಕ್ಷರ, ಒಂದು ಒತ್ತೂ ತಪ್ಪಿಲ್ಲ.

ರೂಮಿಗೆ ಹೋಗಿ ನೋಡಿದೆ. ಪೂಜೆ ಪೆಟ್ಟಿಗೆ ಇಲ್ಲ. ಬಿಪಿ ಮಾತ್ರೆ ಡಬ್ಬಿ ಇಲ್ಲ. ಉಣ್ಣೆ ಶಾಲೂ ಇಲ್ಲ. ಸ್ವಲ್ಪ ದಿನಕ್ಕೆ ಹೋಗೋರು ಇಷ್ಟೆಲ್ಲ ಒಯ್ಯಲ್ಲ.

ತಾತ ಯಾವಾಗ ಬರ್ತಾರೆ ಅಂತ ಕಾವ್ಯ ಕೇಳಿದ್ಲು. ಗೊತ್ತಿಲ್ಲ ಅಂದೆ. ಒಂದು ಕಡೆ ಹಗುರ ಆಯ್ತು ಅಂತಾನೂ ಬರೆದಿಡ್ತೀನಿ. ಸುಳ್ಳು ಯಾಕೆ.

15-2-2006, ಬುಧವಾರ. ಸಂಜೆ 7.15

ಏನು ಬರೀಲಿ.

ಪಾಸ್‌ವರ್ಡ್ ಗೊತ್ತಿರೋದು ಇವರಿಗೂ ನನಗೂ ಮಾತ್ರ. ಮಾವ ಹೋಗಿ ಇವತ್ತಿಗೆ ಒಂದು ವಾರ. ಸಂಜೆ ನಾನೇ ಆನ್ ಮಾಡಿ, ಅಂಕಪಟ್ಟಿ ತೆಗೆದು, ಸಾರಿಗೆ ಒಗ್ಗರಣೆ ಹಾಕೋಕೆ ಎದ್ದು ಹೋಗಿ ಬಂದೆ. ಅದೇ ಚಿತ್ರ. ಅದೇ ಹೆಂಗಸು. ಕುರ್ಚಿ ಖಾಲಿ.

ಕಾವ್ಯನ್ನ ಕರೆದು ಕೂರಿಸ್ಕೊಂಡೆ. ಬಯ್ಯಲ್ಲ, ನಿಜ ಹೇಳು ಅಂದೆ. ನೆಲ ನೋಡ್ತಾ ಅತ್ತಳು. ಅದು ಜನವರಿಯಿಂದಾನೇ ಬರ್ತಿದೆಯಂತೆ. ಹೇಳಿದ್ರೆ ನೀನೇ ಏನೋ ತೆಗೆದಿರಬೇಕು ಅಂತ ನಾವು ಬೈತೀವಿ ಅಂತ ಭಯವಂತೆ. ಬಂದಾಗೆಲ್ಲ ಕಣ್ಣು ಮುಚ್ಕೊಂಡು ಮುಚ್ಚಿಬಿಡ್ತಿದ್ಲಂತೆ.

ಹದಿನಾಲ್ಕು ವರ್ಷದ ಹುಡುಗಿ. ಒಂದು ತಿಂಗಳು ಒಬ್ಬಳೇ ಇದನ್ನ ಹೊತ್ಕೊಂಡು ಸ್ಕೂಲಿಗೆ ಹೋಗಿ ಬಂದಿದಾಳೆ. ನಾನೂ ಅಷ್ಟೆ, ಎರಡನೇ ತಾರೀಕು ಮುಚ್ಚಿ ಸುಮ್ಮನಾಗಿದ್ದೆ. ಮಾವನೂ ಹಾಗೇ ಮುಚ್ತಾ ಇದ್ರೋ ಏನೋ. ಒಂದೇ ಮನೇಲಿ ಮೂರು ಜನ…

16-2-2006, ಗುರುವಾರ

ಟ್ರೈನಲ್ಲಿ ಓಬಳಮ್ಮ ಟೀಚರ್ ಪಕ್ಕ ಸೀಟು ಸಿಕ್ತು. ಸಮಾಜ ತಗೊಳ್ಳೋರು, ಕ್ಯಾತ್ಸಂದ್ರದಿಂದ ಬರ್ತಾರೆ, ಯಾವ ಮಾತಾದ್ರೂ ಹೊಟ್ಟೇಲಿಟ್ಕೊಳ್ತಾರೆ. ಮಾವನ ವಿಷಯ ಹೇಳಲಿಲ್ಲ. ಕಂಪ್ಯೂಟರಲ್ಲಿ ಹಾಳು ಚಿತ್ರ ಬರ್ತವೆ ಅಂತ ಮಾತ್ರ ಹೇಳಿದೆ.

“ಅದಕ್ಕೆ ಯಾರೂ ಏನೂ ಮಾಡ್ಬೇಕಾಗಿಲ್ಲ ಕಣ್ರೀ,” ಅಂದ್ರು. “ತಾನೇ ಬರುತ್ತೆ. ನಮ್ಮನೇಲಿ ನಮ್ಮ ಯಜಮಾನರು ಸತ್ಯನಾರಾಯಣ ಪೂಜೆ ಲಿಸ್ಟ್ ಟೈಪ್ ಮಾಡ್ವಾಗ ಬಂದಿತ್ತು.”

ಸ್ಪೈವೇರ್ ಅಂತ ಹೆಸರಂತೆ. ಯಾವುದಾದ್ರೂ ಫ್ರೀ ಸಾಮಾನು ಇಳಿಸ್ಕೊಂಡ್ರೆ ಅದರ ಬೆನ್ನಿಗೆ ಅಂಟ್ಕೊಂಡು ಒಳಗೆ ಬರುತ್ತಂತೆ. ಬಂದು ಕೂತು ಜಾಹೀರಾತು ತೋರಿಸುತ್ತೆ, ಮಷೀನ್ ನಿಧಾನ ಮಾಡುತ್ತೆ, ನಾವೇನು ಮಾಡ್ತೀವಿ ಅಂತ ನೋಡಿ ಯಾರಿಗೋ ವರದಿನೂ ಕಳಿಸುತ್ತೆ. ಬಾರ್‌ಲೈನ್ ರಸ್ತೇಲಿ ಕನಕರಾಜು ಅಂತ ಒಬ್ಬರು ಕಂಪ್ಯೂಟರ್ ರಿಪೇರಿಯವರಿದಾರೆ, ನಂಬೋಂಥ ಮನುಷ್ಯ ಅಂದ್ರು.

ಗುಬ್ಬಿ ಸ್ಟೇಷನ್ ಬಂತು. ಓಬಳಮ್ಮ ಟೀಚರ್ ಎರಡು ಸಲ ಕರೆದ ಮೇಲೆ ಎದ್ದು ಇಳಿದೆ.

17-2-2006, ಶುಕ್ರವಾರ

ಕನಕರಾಜು ಐವತ್ತರ ಆಸುಪಾಸಿನವರು. ಮೊದಲು ರೇಡಿಯೋ ರಿಪೇರಿ ಮಾಡ್ತಿದ್ರಂತೆ. ಫಾರ್ಮ್ಯಾಟ್ ಮಾಡಿಬಿಡಿ ಮೇಡಂ, ಎಲ್ಲ ಹೋಗುತ್ತೆ ಅಂದ್ರು. ಎಲ್ಲ ಅಂದ್ರೆ ಎಲ್ಲ, ನಿಮ್ಮ ಫೈಲೂ ಸೇರಿ. ಬೇಡ ಅಂದೆ. ಮೂರು ವರ್ಷದ ಪ್ರಶ್ನೆಪತ್ರಿಕೆ ಇದೆ ಅಂದೆ. ಅದಲ್ಲ ನಿಜವಾದ ಕಾರಣ. ಎಲ್ಲ ಅಳಿಸಿಬಿಟ್ರೆ ಯಾವುದರಿಂದ ಬಂತು ಅಂತ ಗೊತ್ತಾಗಲ್ಲವಲ್ಲ. ನನಗೆ ಗೊತ್ತಾಗ್ಬೇಕು.

ಒಂದು ಸಿಡಿ ಕೊಟ್ರು. ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಏನೇನು ಮಾಡ್ಬೇಕು ಅಂತ ಬರೆದೂ ಕೊಟ್ರು. ಮೊದಲು ಇಂಟರ್ನೆಟ್ ವೈರ್ ಕೀಳಿ. ಆಮೇಲೆ ಸೇಫ್ ಮೋಡ್, ಅಂದ್ರೆ ಮಷೀನಿಗೆ ಬೇಕೇ ಬೇಕಾದಷ್ಟನ್ನ ಮಾತ್ರ ಎಬ್ಬಿಸೋದು. ಆಮೇಲೆ ಸ್ಕ್ಯಾನ್.

18-2-2006, ಶನಿವಾರ. ಸಂಜೆ 5.30

ಇವರಿಗೆ ಬ್ಯಾಂಕಲ್ಲಿ ಇನ್‌ಸ್ಪೆಕ್ಷನ್, ಈ ವಾರ ಬರಲ್ಲ. ಒಳ್ಳೇದೇ ಆಯ್ತು.

ವೈರ್ ಕಿತ್ತೆ. ಆನ್ ಮಾಡಿ F8 ಒತ್ತಿ ಒತ್ತಿ ಮೂರನೇ ಸಲಕ್ಕೆ ಸೇಫ್ ಮೋಡ್ ಸಿಕ್ತು. ಕಪ್ಪು ಪರದೆ, ದಪ್ಪ ದಪ್ಪ ಅಕ್ಷರ. ಸಿಡಿ ಹಾಕಿ ಸ್ಕ್ಯಾನ್ ಬಿಟ್ಟೆ. ಒಂದು ಗಂಟೆ ಹತ್ತು ನಿಮಿಷ. ಅಷ್ಟರಲ್ಲಿ ಅವರೆಕಾಯಿ ಸುಲಿದೆ, ಪಾತ್ರೆ ತೊಳೆದೆ, ಕಾವ್ಯನ ಯೂನಿಫಾರ್ಮ್ ಒಗೆದೆ. ಕೊನೆಗೆ ಪಟ್ಟಿ ಬಂತು. ಮುನ್ನೂರ ಎಂಬತ್ತಾರು. ಎಲ್ಲಕ್ಕೂ ಟಿಕ್ ಹಾಕಿ ತೆಗೆದುಹಾಕು ಅಂದೆ. ಒಂದೊಂದೇ ಅಳಿಸ್ಕೊಂಡು ಹೋಯ್ತು. ತಲೆ ಬಾಚಿ ಹೇನು ಕುಕ್ಕಿದ ಹಾಗೆ ಸಮಾಧಾನ ಆಯ್ತು.

ರೀಸ್ಟಾರ್ಟ್. ನಾಲ್ಕು ನಿಮಿಷಕ್ಕೇ ಎದ್ದಿತು. ವೈರ್ ಚುಚ್ಚಿದೆ. ಹತ್ತು ನಿಮಿಷ ನೆಮ್ಮದಿ.

ಆಮೇಲೆ ಮತ್ತೆ ಅದೇ ಹೆಂಗಸು.

ಕನಕರಾಜುಗೆ ಫೋನ್ ಮಾಡಿದೆ. ಬೇಜಾರು ಮಾಡ್ಕೊಳ್ಳಲಿಲ್ಲ.

“ಮರಿಗಳ್ನ ಹೊಡೆದಿದೀರಿ ಮೇಡಂ, ತಾಯಿ ಎಲ್ಲೋ ಅಡಗಿ ಕೂತವ್ಳೆ. ಸಿಸ್ಟಮ್ ರಿಸ್ಟೋರ್ ಆಫ್ ಮಾಡಿ, ಅಳಿಸಿದ್ದನ್ನೆಲ್ಲ ಅದೇ ವಾಪಸ್ ತರ್ತದೆ. ಪ್ರೋಗ್ರಾಂ ಫೈಲ್ಸ್ ಒಳಗೆ ಹೋಗಿ ಎಲ್ಲಾನೂ ತಾರೀಕಿನ ಪ್ರಕಾರ ಜೋಡಿಸ್ಕೊಂಡು ನೋಡಿ. ನಿಮಗೆ ಗುರುತಿಲ್ಲದ್ದು ಒಂದಿರುತ್ತೆ.”

ಇವತ್ತು ಆಗಲ್ಲ. ಕಣ್ಣು ಉರೀತಿದೆ.

19-2-2006, ಭಾನುವಾರ. ಬೆಳಿಗ್ಗೆ 11.00

ಸಿಕ್ತು.

ಗುರುತಿಲ್ಲದ್ದು ಅಂದಿದ್ರು ಕನಕರಾಜು. ಗುರುತಿತ್ತು. ಚಿಟ್ಟೆ ಚಿತ್ರದ ಒಂದು ಫೋಲ್ಡರ್. ಹುಟ್ಟಿದ ತಾರೀಕು 14-1-2006, ಮಧ್ಯಾಹ್ನ 3.42.

ಸಂಕ್ರಾಂತಿ. ಎಳ್ಳು ಬೀರೋಕೆ ಹೋಗೋ ಮುಂಚೆ ಒಂದು ಗಳಿಗೆ ಮೇಲ್ ನೋಡೋಣ ಅಂತ ಕೂತಿದ್ದೆ. ಯಾರೋ ಹಬ್ಬದ ಗ್ರೀಟಿಂಗ್ ಕಳಿಸಿದ್ರು. ಅದನ್ನ ತೆಗೆದ್ರೆ, ಮೌಸಿನ ಬಾಣದ ಬದಲು ಚಿಟ್ಟೆ ಹಾರಾಡುತ್ತೆ, ಬೇಕಾ ಅಂತ ಕೇಳ್ತು. ಬೇಕು ಅಂದೆ. ಮುಂದೆ, ಮುಂದೆ, ಒಪ್ಪಿದೆ, ಮುಂದೆ. ಓದಲೇ ಇಲ್ಲ. ಚಿಟ್ಟೆ ಎರಡು ದಿನ ಹಾರಾಡ್ತು, ಆಮೇಲೆ ಕಿರಿಕಿರಿ ಅನಿಸಿ ಬಾಣಾನೇ ಹಾಕ್ಕೊಂಡೆ. ಮರೆತೂ ಹೋಗಿತ್ತು.

ಆವತ್ತು ಮಾವ ಮನೇಲೇ ಇರಲಿಲ್ಲ. ಹಬ್ಬಕ್ಕೆ ಅಂತ ಕುಣಿಗಲ್ಲಿಗೆ ಹೋಗಿದ್ರು.

ಪರೀಕ್ಷೆಗೆ ಮುಂಚೆ ಒಂದೊಂದು ಪ್ರಶ್ನೇನೂ ಮೂರು ಸಲ ಓದಿ ಅಂತ ಮಕ್ಕಳಿಗೆ ದಿನಾ ಹೇಳ್ತೀನಿ ನಾನು.

ಮಧ್ಯಾಹ್ನ 2.30

ಚಿಟ್ಟೆ ತೆಗೆದೆ. ಮತ್ತೆ ಸ್ಕ್ಯಾನ್, ಮತ್ತೆ ಟಿಕ್, ಮತ್ತೆ ರೀಸ್ಟಾರ್ಟ್. ಎರಡು ಗಂಟೆ ಎದುರಲ್ಲೇ ಕೂತು ಕಾದೆ. ಏನೂ ಬರಲಿಲ್ಲ. ಒಂದೂವರೆ ನಿಮಿಷಕ್ಕೆ ಏಳುತ್ತೆ ಈಗ. ಖುಷಿ ಆಗ್ಬೇಕಿತ್ತು.

20-2-2006, ಸೋಮವಾರ

ಮಧ್ಯಾಹ್ನ ಬಿಡುವಿನಲ್ಲಿ ಇವರಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.

ಬಿಟ್ಬಿಡು ಅಂದ್ರು. ನಾವು ಏನು ಅಂದ್ಕೊಂಡ್ವಿ ಅಂತ ಅಪ್ಪನಿಗೇನು ಗೊತ್ತಾಗಿದೆ, ಪರೀಕ್ಷೆಗೆ ಅಂತ ತಾನೇ ನಾನು ಹೇಳಿದ್ದು, ಹಬ್ಬದ ಹೊತ್ತಿಗೆ ತಾನಾಗೇ ಬರ್ತಾರೆ ಅಂದ್ರು.

ಅವರಿಗೆ ಗೊತ್ತು ಅಂದೆ. ಸೆರಗಿನ ವಿಷಯ ಹೇಳೋಕೆ ಬಾಯಿ ಬರಲಿಲ್ಲ.

26-2-2006, ಭಾನುವಾರ. ಶಿವರಾತ್ರಿ. ಸಂಜೆ

ಇವರು ಬರಲಿಲ್ಲ. ತಲೆನೋವು ಅಂದು ಮಲಗಿದ್ರು. ಕಾವ್ಯನ್ನ ಕರ್ಕೊಂಡು ಕುಣಿಗಲ್ ಬಸ್ ಹತ್ತಿದೆ. ಹೆಬ್ಬೂರಿನ ತನಕ ನಿಂತಿದ್ವಿ. ದಾರಿಯುದ್ದಕ್ಕೂ ಮಾತು ಜೋಡಿಸ್ಕೊಂಡಿದ್ದೆ, ಇಳಿಯೋವಾಗ ಒಂದೂ ನೆನಪಿಲ್ಲ.

ಅತ್ತಿಗೆ ಸಿದ್ಧಗಂಗಮ್ಮ ಏನೂ ಕೇಳಲಿಲ್ಲ. ಅಪ್ಪ ಹಿತ್ತಲಲ್ಲಿದಾರೆ ಅಂದು ಕಾವ್ಯನ್ನ ಒಳಗೆ ಕರ್ಕೊಂಡು ಹೋದ್ರು. ಮಾವ ಬಾವಿಕಟ್ಟೆ ಹತ್ರ ಬಿಲ್ವಪತ್ರೆ ಆರಿಸ್ತಾ ಕೂತಿದ್ರು. ಹದಿನೆಂಟೇ ದಿನಕ್ಕೆ ಇಳಿದುಹೋದ ಹಾಗೆ ಕಂಡ್ರು. ಉಪವಾಸದಿಂದಲೂ ಇರಬಹುದು. ಕಲ್ಲಿನ ಮೇಲೆ ಕೂತೆ. ಚಿಟ್ಟೆ ವಿಷಯ, ತಾರೀಕು, ಎಲ್ಲ ಹೇಳಿದೆ. ಅವರು ಎಲೆ ಆರಿಸ್ತಾನೇ ಇದ್ರು.

“ತಪ್ಪು ನನ್ನದು ಮಾವ. ನಿಮ್ಮ ಮೇಲೆ ಏನೇನೋ ಅಂದ್ಕೊಂಡೆ.”

“ಗೊತ್ತಿತ್ತು ಕಣಮ್ಮ. ಅಲ್ಲ ಅಂತ ಹೇಳೋದಾದ್ರೂ ಹೆಂಗೆ ಹೇಳ್ಲಿ? ಸೊಸೆ ಮುಂದೆ ಬಾಯಲ್ಲಿ ತರೋ ಮಾತಾ ಅದು?”

ಮೊದಲ್ನೇ ಸಲ ಅದು ಬಂದಾಗ ತಾವೇ ಏನೋ ಒತ್ತಬಾರದ್ದು ಒತ್ತಿಬಿಟ್ಟೆ ಅಂತ ನಡುಗಿಹೋದ್ರಂತೆ. ಮುಚ್ಚೋದು ಹೇಗೆ ಅಂತ ತಿಳಿಯದೆ ಗೋಡೆ ಸ್ವಿಚ್ ಆರಿಸೋದೇ ಅಭ್ಯಾಸ ಮಾಡ್ಕೊಂಡ್ರಂತೆ. ಹಾಗಾದ್ರೆ ಆ ಶನಿವಾರ ನನ್ನ ನೋಡಿ ಯಾಕೆ ಆರಿಸಿದ್ರಿ ಅಂತ ನಾನು ಕೇಳಲಿಲ್ಲ. ಅವರೇ ಹೇಳಿದ್ರು. ತಲೆ ಎತ್ತದೆ.

“ಆವತ್ತು ಇಸ್ಪೀಟು ಆಡ್ತಿದ್ದೆ.”

ಕಂಪ್ಯೂಟರಲ್ಲಿ ಒಬ್ಬರೇ ಆಡೋ ಇಸ್ಪೀಟು. ಕಾವ್ಯ ಮೌಸ್ ಅಭ್ಯಾಸ ಆಗ್ಲಿ ಅಂತ ತೋರಿಸಿಕೊಟ್ಟಿದ್ಲಂತೆ. ಎಡೆಯೂರು ಕಡೆ ಮೇಷ್ಟ್ರಾಗಿದ್ದಾಗ ಇಸ್ಪೀಟೆಲೆ ಇಟ್ಕೊಂಡಿದ್ದಕ್ಕೆ ಹುಡುಗರನ್ನ ಬಿಸಿಲಲ್ಲಿ ನಿಲ್ಲಿಸಿದ ಮನುಷ್ಯ. ಅದನ್ನ ಸೊಸೆ ನೋಡಿಬಿಟ್ರೆ ಅಂತ ನಾಚಿಕೆ. ಆ ಚಿತ್ರಗಳ ಬಗ್ಗೆ ಹೇಳೋವಾಗಲೂ ಇಷ್ಟು ತಗ್ಗಿರಲಿಲ್ಲ ದನಿ. ನಗು ಬಂತು ನನಗೆ, ನಗ್ತಾನೇ ಅತ್ತುಬಿಟ್ಟೆ. ಅವರು ಎದ್ದು ಬಾವಿಯಿಂದ ನೀರು ಸೇದಿ ಮುಖ ತೊಳ್ಕೋ ಅಂದ್ರು.

ಹೊರಡೋಣ ಬನ್ನಿ ಅಂದೆ. ಬೇಡ ಅಂತ ತಲೆ ಆಡಿಸಿದ್ರು.

“ನೀನು ಬಂದು ಹೇಳ್ದೆ, ನನ್ನ ಮನಸ್ಸಲ್ಲಿ ನಿನ್ನ ಮೇಲೇನೂ ಇಲ್ಲ. ಮನೇಲಿ ಬೆಳೀತಿರೋ ಹೆಣ್ಣು ಮಗು ಇದೆ, ನಿಂಗೆ ಭಯ ಆಯ್ತು. ಆದರೆ ಅವ್ನು ನನ್ನ ಮಗ. ಬಾಗ್ಲಲ್ಲಿ ನಿಂತು ಬೀಗ ಹಾಕಿದೀನಿ ಅಂದ. ಒಳಗೆ ಬಂದು ಏನಪ್ಪ ಇದು ಅಂತ ಒಂದು ಮಾತು ಕೇಳ್ಲಿಲ್ಲ. ಅವ್ನು ಬಂದು ಕೇಳ್ಲಿ. ಆಮೇಲೆ ನೋಡಾಣ.”

ವಾಪಸ್ ಬಸ್ಸಲ್ಲಿ ಕಾವ್ಯ ನನ್ನ ಭುಜದ ಮೇಲೆ ನಿದ್ದೆ ಮಾಡಿದ್ಲು.

5-3-2006, ಭಾನುವಾರ

ಮಾವ ಹೇಳಿದ್ದನ್ನ ಇವರಿಗೆ ಅಕ್ಷರ ಬಿಡದೆ ಹೇಳಿದೆ. ಮಾರ್ಚ್, ಬ್ಯಾಂಕಲ್ಲಿ ವರ್ಷದ ಕೊನೆ, ಉಸಿರಾಡೋಕೂ ಬಿಡುವಿಲ್ಲ, ಆಮೇಲೆ ಹೋಗೋಣ ಅಂದ್ರು. ಮಧ್ಯಾಹ್ನವೆಲ್ಲ ಟಿವಿ ನೋಡ್ತಾ ಮಲಗಿದ್ರು.

19-3-2006, ಭಾನುವಾರ

ಎರಡು ವಾರ ಬರೀಲಿಲ್ಲ. ಬರೆಯೋಕೆ ಏನಿದೆ. ಕಂಪ್ಯೂಟರ್ ಸೊಗಸಾಗಿ ಓಡುತ್ತೆ, ಅದರ ಹತ್ರ ಯಾರೂ ಸುಳಿಯಲ್ಲ. ಪಾಸ್‌ವರ್ಡ್ ತೆಗೆದುಹಾಕಿದೆ. ಮಾವನ ರೂಮು ಗುಡಿಸಿ ಬಾಗಿಲು ಎಳ್ಕೊಳ್ತೀನಿ. ಹೋದ ವಾರವೂ ಇವರು ಕುಣಿಗಲ್ಲಿನ ಹೆಸರೆತ್ತಲಿಲ್ಲ.

ಇವತ್ತು ಜಗಳ ಆಯ್ತು. ನಾನೇ ಶುರು ಮಾಡಿದ್ದು. ಇವರು ಸ್ನಾನಕ್ಕೆ ಹೊರಟಿದ್ರು, ಟವೆಲ್ ಹೆಗಲ ಮೇಲಿತ್ತು. ಎಂದೂ ದನಿ ಏರಿಸದವರು ಏರಿಸಿದ್ರು. ನೀನು ಹೇಳಿದ್ದಕ್ಕೇ ನಂಬಿದ್ದು ಅಂದ್ರು. ಹೌದು ಅಂದೆ, ನಾನು ಹೇಳಿದೆ, ನಾನು ಹೋಗಿ ತಪ್ಪಾಯ್ತು ಅಂತಾನೂ ಅಂದೆ, ನಿಮ್ಮ ಪಾಲಿಂದು ನಾನು ಹೇಳೋಕಾಗುತ್ತಾ ಅಂದೆ. ಇವರು ಹಾಗೇ ಬಚ್ಚಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ರು.

“ಚಿಕ್ಕೋನಿದ್ದಾಗ ಪಕ್ಕದ ಮನೆ ಗಡಿಯಾರ ಕಳೆದಿತ್ತು ಕಣೇ. ಎಲ್ಲಾರೂ ನನ್ನ ಹೆಸರೇ ಹೇಳಿದ್ರು. ಅಪ್ಪ ಬಂದು ನನ್ನ ಮುಂದೆ ಕೂತು, ನೀನು ತಗೊಂಡ್ಯಾ ಅಂತ ಒಂದೇ ಸಲ ಕೇಳಿದ್ರು. ಇಲ್ಲ ಅಂದೆ. ಅಷ್ಟಕ್ಕೇ ಎದ್ದು ಹೋಗಿ ಊರಿನೋರ ಬಾಯೆಲ್ಲ ಮುಚ್ಚಿಸಿದ್ರು. ಈಗ ಯಾವ ಮುಖ ಹೊತ್ಕೊಂಡು ಹೋಗ್ಲಿ ನಾನು?”

ನೀರು ಆರಿಹೋಗುತ್ತೆ, ಸ್ನಾನ ಮಾಡಿ ಅಂದೆ.

25-3-2006, ಶನಿವಾರ. ಸಂಜೆ 6.00

ಇವರು ಹಿರಿಯೂರಿಂದ ಬಂದ್ರು. ಕಾಫಿ ಕುಡೀತಾ, ನಾಳೆ ಬೆಳಿಗ್ಗೆ ಕುಣಿಗಲ್ಲಿಗೆ ಹೋಗ್ತೀನಿ ಅಂದ್ರು. ನಾನೂ ಬರ್ಲಾ ಅಂದೆ. ಬೇಡ ಅಂದ್ರು.

26-3-2006, ಭಾನುವಾರ. ಮಧ್ಯಾಹ್ನ 1.20

ಏಳು ಗಂಟೆಗೇ ಹೋದ್ರು. ತಿಂಡಿನೂ ತಿನ್ನಲಿಲ್ಲ. ಫೋನಿಲ್ಲ. ನಾನಾಗಿ ಮಾಡಬಾರದು ಅಂತ ಕೂತಿದೀನಿ. ಉತ್ತರ ಪತ್ರಿಕೆ ತಿದ್ದೋಕೆ ತಗೊಂಡೆ, ಒಂದೇ ಹಾಳೇನ ಎರಡು ಸಲ ತಿದ್ದಿದೀನಿ.

3.45

ಅತ್ತಿಗೆ ಫೋನ್ ಮಾಡಿದ್ರು. ಅಪ್ಪ ಮಗ ಇಬ್ರೂ ದೊಡ್ಡಕೆರೆ ಏರಿ ಕಡೆ ನಡ್ಕೊಂಡು ಹೋದೋರು ಎರಡು ಗಂಟೆ ಆದ್ಮೇಲೆ ಬಂದ್ರಂತೆ. ಏನು ಮಾತಾಡಿದ್ರೋ ಗೊತ್ತಿಲ್ಲ, ಸಂಗಮೇಶನ ಕಣ್ಣು ಕೆಂಪಗಿತ್ತು, ಅಪ್ಪ ಅವನಿಗೆ ಎರಡನೇ ಸಲ ಅನ್ನ ಬಡಿಸ್ಕೊಟ್ರು, ತಾವೇ ಕೈಯಾರೆ, ಅಂದ್ರು. ಅಷ್ಟೇ ಹೇಳಿದ್ದು. ಬರ್ತಾರಾ ಅಂತ ಕೇಳೋಕೆ ಧೈರ್ಯ ಬರಲಿಲ್ಲ.

5.10

ಕುಣಿಗಲ್ ಬಸ್ ಸ್ಟ್ಯಾಂಡಿಂದ ಇವರ ಫೋನು. ಹಿಂದೆ ಕಂಡಕ್ಟರ್ ಕೂಗ್ತಿದ್ದ, ಸರಿಯಾಗಿ ಕೇಳಿಸ್ಲಿಲ್ಲ. ಇರು, ಅಪ್ಪ ಮಾತಾಡ್ತಾರಂತೆ ಅಂದು ಕೊಟ್ಟುಬಿಟ್ರು. ನಾನು ಎದ್ದು ನಿಂತೆ. ಯಾಕೆ ನಿಂತೆನೋ.

“ಶಾಂತಲಾ, ಏಳರೊಳಗೆ ಬರ್ತೀವಿ ಕಣಮ್ಮ. ಮುದ್ದೆ ಬ್ಯಾಡ ನಂಗೆ, ಒಂದಿಷ್ಟು ಮೊಸರನ್ನ ಇದ್ರೆ ಸಾಕು.”

ಹ್ಞೂಂ ಮಾವ ಅಂದೆ.

ಮೊಸರಿಲ್ಲ ಮನೇಲಿ. ಕಾವ್ಯನ್ನ ಮರಳೂರು ಸರ್ಕಲ್ ಡೈರಿಗೆ ಓಡಿಸ್ಬೇಕು, ಆರಕ್ಕೆಲ್ಲ ಮುಚ್ತಾರೆ. ಹಾಸಿಗೆಗೆ ಒಗೆದ ದುಪ್ಪಟಿ ಹಾಕ್ಬೇಕು. ಅಕ್ಕಿ ಇನ್ನೂ ತೊಳ್ದಿಲ್ಲ, ಇಲ್ಲಿ ಕೂತು ಬರೀತಾ ಇದ್ರೆ…